ಚೀಲ ತೆಗೆದಾರ ಅಂದಿದ್ದೆ

ನಮ್ಮ ಅತ್ತೆಗೂ ನನಗೂ ಒಂದು ದಿನ ಸರಿ ಬಂದದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದಿದವರು ನನ್ನನ್ನು ಬಲು ಒಳ್ಳೆಯ ಸೊಸೆ ಅಂದುಕೊಂಡಾರು. ನಾನು ಮಾಡಿದ ರೊಟ್ಟಿ ಆಕೆಗೆ ಯಾವಾಗಲೂ ದಪ್ಪ, ಆಕೆ ಆಡಿದ ಮಾತು ನನಗೆ ಯಾವಾಗಲೂ ಚುಚ್ಚು. ನಾನು ರಂಗಂಪೇಟೆಯವಳು, ಹತ್ತನೆಯ ಇಯತ್ತೆ ಪಾಸಾದವಳು. ದೋರನಹಳ್ಳಿಯ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದ ಮೂರನೆಯ ವರ್ಷಕ್ಕೆ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು. ಆ ದಿನ ಆಕೆ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಅಂದದ್ದು ಇಷ್ಟು: “ಮಂದಿ ಮಕ್ಕಳ ಮೂಗ ಒರಸಾಕ ಸರಕಾರ ಪಗಾರ ಕೊಡತಾದಂತ. ಇಲ್ಲಿ ಮುಸುರಿ ಯಾರ ತಿಕ್ಕಬೇಕೋ ಏನೋ!” ಮುಸುರೆಯನ್ನು ಆಕೆಯೇ ತಿಕ್ಕಿದಳು, ಎಂಟು ವರ್ಷ. ನಾನು ಒಂದು ದಿನವೂ ಕೆಲಸಕ್ಕೆ ತಡವಾಗಿ ಹೋಗುವಂತೆ ಮಾಡಲಿಲ್ಲ. ಆಕೆ ಬದುಕಿದ್ದಾಗ ಇದನ್ನು ನಾನು ಒಮ್ಮೆಯೂ ಬಾಯಿ ಬಿಟ್ಟು ಹೇಳಲಿಲ್ಲ.

ಆಕೆ ಭತ್ತ ಹಚ್ಚುವ ಹೆಂಗಸರ ಗುಂಪಿಗೆ ಹಿರಿಯಳು. ನಮ್ಮ ಕಡೆ ಭತ್ತ ಬಂದದ್ದೇ ಕಾಲುವೆಗೆ ನೀರು ಬಿಟ್ಟ ಮೇಲೆ. ಅದಕ್ಕೂ ಮುಂಚೆ ಜೋಳ, ತೊಗರಿ, ಸಜ್ಜೆ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಕೆಸರಿನಲ್ಲಿ ಬಗ್ಗಿ ಸಸಿ ಊರುವುದನ್ನು ನಮ್ಮ ಹೆಂಗಸರು ಕಾಲುವೆ ಬಂದ ಮೇಲೆ ಕ್ಯಾಂಪು ಕಟ್ಟಿಕೊಂಡು ನೆಲೆಸಿದ ಆಂಧ್ರದವರನ್ನು ನೋಡಿ ಕಲಿತರು. ಕಲಿತು ಬಹಳ ವರ್ಷವೂ ಆಗಿರಲಿಲ್ಲ, ಅಷ್ಟರಲ್ಲಿ ಮುತ್ತಜ್ಜಿಯ ಕಾಲದಿಂದ ಬಂದದ್ದೇನೋ ಎಂಬಂತೆ ಒಂದು ಪದ್ಧತಿ ಮಾಡಿಕೊಂಡುಬಿಟ್ಟರು. ಗದ್ದೆಗೆ ಮೊದಲ ಹಿಡಿ ಸಸಿ ಊರುವವಳು ಮುಟ್ಟು ನಿಂತವಳಾಗಿರಬೇಕು. ಅದೂ ತಾನಾಗಿಯೇ ನಿಂತಿರಬೇಕು, ಗರ್ಭಚೀಲ ತೆಗೆಸಿಕೊಂಡವಳು ನಡೆಯುವುದಿಲ್ಲ. ಗುಂಪಿನಲ್ಲಿ ತೆಗೆಸಿಕೊಂಡವರೇ ಹೆಚ್ಚು. ಬಿಳಿ ಹೋಗುತ್ತದೆ, ಸೊಂಟ ನೋಯುತ್ತದೆ ಎಂದು ಮೂವತ್ತು ಮೂವತ್ತೈದಕ್ಕೇ ತೆಗೆಸಿಕೊಂಡು ಬಂದು ಹೊಟ್ಟೆಯ ಮೇಲಿನ ಹೊಲಿಗೆ ತೋರಿಸುತ್ತಿದ್ದರು. ಹೀಗಾಗಿ ತಾನಾಗಿ ಮುಟ್ಟು ನಿಂತು, ಇನ್ನೂ ದಿನವಿಡೀ ಬಗ್ಗಿ ಕೆಲಸ ಮಾಡಬಲ್ಲವಳು ನಮ್ಮ ಅತ್ತೆ ಒಬ್ಬಳೇ. ಸುತ್ತಲಿನ ಊರುಗಳವರು ಆಕೆಯನ್ನೇ ಕರೆಯುತ್ತಿದ್ದರು. ಹೊಲದ ಒಡೆಯರು ಆಕೆ ಬರುವ ತನಕ ಬದುವಿನ ಮೇಲೆ ಕಾಯುತ್ತಿದ್ದರು. ಜೀವಮಾನವೆಲ್ಲ ಮಂದಿಯ ಹೊಲದಲ್ಲಿ ಬುತ್ತಿ ಬಿಚ್ಚಿದವಳಿಗೆ ಸಿಕ್ಕ ಮರ್ಯಾದೆ ಅದೊಂದೇ.

ನನಗೆ ಕೆಲಸ ಸಿಕ್ಕ ಎಂಟನೆಯ ವರ್ಷ ಆಕೆಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ಮುಟ್ಟು ನಿಂತು ಹತ್ತು ವರ್ಷದ ಮೇಲಾಗಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮೊದಲ ಸಸಿ ಬೇರೆಯವರ ಕೈಗೆ ಹೋಗುತ್ತಿತ್ತು. ಮುಂಚಿನ ಕಾಲವಾಗಿದ್ದರೆ ಮುಚ್ಚಿಡುವುದು ಆಗುತ್ತಿರಲಿಲ್ಲ. ಬಾವಿಯಿಂದ ತಂದ ಎರಡು ಕೊಡ ನೀರು, ಒಂದೇ ಬಚ್ಚಲು, ಯಾರ ಬಟ್ಟೆ ಯಾವುದೆಂದು ಮನೆಗೆಲ್ಲ ಗೊತ್ತು. ಈಗ ಊರ ಪಕ್ಕದಲ್ಲೇ ಕಾಲುವೆ. ಬೆಳಕು ಹರಿಯುವಾಗ ಚರಿಗೆ ಹಿಡಿದು ಹೋದವಳು ಅಲ್ಲೇ ಬಟ್ಟೆ ಒಗೆದು ಹಿಂಡಿಕೊಂಡು ಬರುತ್ತಿದ್ದಳು. ಹರಿಯುವ ನೀರಿಗೆ ಹಾಕಿದ್ದನ್ನು ಕೇಳುವವರು ಯಾರು?

ಒಂದು ದಿನ ಕೊಟ್ಟಿಗೆಯ ಹಿಂದೆ ಒಣಹಾಕಿದ್ದ ಬಟ್ಟೆಯ ಮೇಲೆ ಕಲೆ ಕಂಡೆ.

“ಅತ್ತಿ, ಇದೇನ್ರಿ ರಕ್ತ?”

“ಮೂಲವ್ಯಾಧಿ ಆಗ್ಯಾದ. ನೀ ಸಾರಿಗಿ ಹಾಕೂ ಖಾರಕ್ಕ ಮತ್ತೇನಾಗಬೇಕು?”

ನನಗೆ ಸಿಟ್ಟು ನೆತ್ತಿಗೇರಿತು. ಖಾರ ಕಡಿಮೆಯಾದರೆ ‘ಸಪ್ಪಗ ಅದ, ಬಾಯಾಗ ಇಡಾಕ ಆಗಂಗಿಲ್ಲ’ ಅನ್ನುವವಳೂ ಈಕೆಯೇ. ಆ ಸಿಟ್ಟಿನಲ್ಲಿ ಮುಂದೆ ಕೇಳಬೇಕಾದದ್ದನ್ನು ಕೇಳಲೇ ಇಲ್ಲ. ನಮ್ಮ ಅಂಗನವಾಡಿಯ ಗೋಡೆಯ ಮೇಲೆ ಒಂದು ಪಟ ಇತ್ತು. ತಿಂಗಳಿಗೊಮ್ಮೆ ತಾಯಂದಿರ ಸಭೆಯಲ್ಲಿ ಕಡ್ಡಿ ಹಿಡಿದು ನಾನೇ ಓದಿ ಹೇಳುತ್ತಿದ್ದೆ: ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ದವಾಖಾನೆಗೆ ತೋರಿಸಿಕೊಳ್ಳಿ. ಇಡೀ ಊರಿಗೆ ಹೇಳಿದವಳು ಮನೆಗೆ ಬಂದು ಅತ್ತೆಯ ಸಾರಿನಲ್ಲಿ ಖಾರ ಕಡಿಮೆ ಮಾಡಿದೆ. ಶಹಾಪುರದ ಔಷಧಿ ಅಂಗಡಿಯಿಂದ ಮೂಲವ್ಯಾಧಿಯ ಮುಲಾಮು ತಂದುಕೊಟ್ಟೆ. ಮುಗಿದಾಗಲೆಲ್ಲ ಮತ್ತೆ ತಂದೆ, ಐದು ತಿಂಗಳು. ಆಕೆ ಅದನ್ನು ಏನು ಮಾಡುತ್ತಿದ್ದಳೋ ದೇವರಿಗೇ ಗೊತ್ತು. ನನ್ನ ಓದಿಗಿಷ್ಟು ಬೆಂಕಿ ಬೀಳಲಿ.

ಎರಡನೆಯ ಬೆಳೆಯ ನಾಟಿ ನಡೆದಿತ್ತು. ಒಂದು ಮಧ್ಯಾಹ್ನ ಆಕೆಯನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಬಂದರು. ಗದ್ದೆಯಲ್ಲೇ ಬಿದ್ದಿದ್ದಳಂತೆ. ಮೊಣಕಾಲ ತನಕ ಕೆಸರು, ಅದರ ಮೇಲೆ ಸೀರೆಯೆಲ್ಲ ರಕ್ತ. ಗುಂಪಿನ ಹೆಂಗಸರು ಸುತ್ತ ನಿಂತಿದ್ದರು. ಅವರಲ್ಲೊಬ್ಬಳು ಬಾಯಿಗೆ ಸೆರಗು ಹಿಡಿದುಕೊಂಡು, “ಯವ್ವಾ, ಈ ವಯಸ್ಸಿನ್ಯಾಗ ಹೊರಗಾಗ್ಯಾಳಲ್ಲ! ಮುಂಜಾನಿ ಈಕಿನ ಮೊದಲ ಸಸಿ ಹಚ್ಯಾಳ. ಇನ್ನ ಆ ಹೊಲದ ಗತಿ ಏನು?” ಅಂದಳು.

“ಹೊಲ ಹಾಳಾಗಿ ಹೋಗ್ಲಿ! ಇಲ್ಲಿ ಜೀವ ಹೋಗಾಕತ್ತಾದ, ಕಣ್ಣ ಕಾಣಂಗಿಲ್ಲೇನ್ ನಿಮಗ?” ಎಂದು ನಾನು ಚೀರಿದೆ.

ಅತ್ತೆ ಕಣ್ಣು ಬಿಟ್ಟಳು. ನೋಡಿದ್ದು ನನ್ನನ್ನಲ್ಲ, ಆ ಹೆಂಗಸನ್ನು. “ತಪ್ಪಾತವ್ವ,” ಅಂದಳು. ಆಕೆಯ ಬಾಯಿಂದ ಆ ಮಾತು ಬಂದದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಅದೇ ಟ್ರ್ಯಾಕ್ಟರಿನಲ್ಲಿ ಶಹಾಪುರಕ್ಕೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರಮ್ಮ ನೋಡಿ, ಎಷ್ಟು ತಿಂಗಳಿಂದ ಹೀಗೆ ಎಂದು ಕೇಳಿದರು.

“ಎರಡ ತಿಂಗಳಾತ್ರಿ,” ಅಂದಳು ಅತ್ತೆ.

“ಸುಳ್ರಿ, ಐದಾತು,” ಅಂದೆ ನಾನು.

“ಏಳ್ರಿ,” ಅಂದಳು ಅತ್ತೆ, ಗೋಡೆಯ ಕಡೆ ಮುಖ ತಿರುಗಿಸಿ.

ಡಾಕ್ಟರಮ್ಮ ಗುಲಬರ್ಗಾಕ್ಕೆ ಚೀಟಿ ಬರೆದುಕೊಟ್ಟರು.

ಗುಲಬರ್ಗಾದ ದೊಡ್ಡ ದವಾಖಾನೆಯಲ್ಲಿ ಗರ್ಭಚೀಲದ ಒಳಗಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಹಾಕಿದರು, ಸ್ಕ್ಯಾನ್ ಮಾಡಿಸಿದರು. ಫಲಿತಾಂಶ ಬಂದ ದಿನ ದೊಡ್ಡ ಡಾಕ್ಟರು ನನ್ನನ್ನೂ ನಮ್ಮ ಮನೆಯವರನ್ನೂ ಒಳಗೆ ಕರೆದರು. ನಮ್ಮ ಮನೆಯವರು ಕಾಲುವೆಯ ಗೇಟು ನೋಡಿಕೊಳ್ಳುವ ದಿನಗೂಲಿ ಕೆಲಸದವರು. ಹೆಚ್ಚು ಮಾತಿನವರಲ್ಲ. ಡಾಕ್ಟರು ಒಂದು ಹಾಳೆಯ ಹಿಂಬದಿಗೆ ಪೇರಲ ಹಣ್ಣಿನಂಥ ಚಿತ್ರ ಬರೆದರು.

“ಚೀಲದ ಒಳಗೆ ತೆಳ್ಳಗೆ ಒಂದು ಪದರ ಇರ್ತದೆ. ಅದರ ಹೊರಗೆ ದಪ್ಪ ಮಾಂಸದ ಗೋಡೆ. ಬಹಳ ಜನಕ್ಕೆ ಗಡ್ಡೆ ಆ ಪದರದಲ್ಲೇ ನಿಧಾನಕ್ಕೆ ಬೆಳೀತದೆ. ರಕ್ತ ಕಂಡ ಕೂಡಲೇ ಬಂದ್ರೆ ಚೀಲ ತೆಗೆದುಬಿಡ್ತೀವಿ, ಎಷ್ಟೋ ಜನ ಆರಾಮಾಗ್ತಾರೆ. ನಿಮ್ಮ ತಾಯಿಯವರದು ಆ ಥರದ್ದಲ್ಲ. ಇದು ದೊಡ್ಡದಾಗೋ ತನಕ ಕಾಯಲ್ಲ, ಸಣ್ಣದಿದ್ದಾಗಲೇ ಹಬ್ತದೆ.”

ಅವರ ಪೆನ್ನು ಹೋದ ದಾರಿ ನನಗೆ ಇನ್ನೂ ನೆನಪಿದೆ. ಒಳಗಿನ ಪದರ ದಾಟಿ ಮಾಂಸದ ಗೋಡೆಗೆ ಬಂತು. ಆ ಗೋಡೆಯ ಎಳೆಗಳ ನಡುವಿನ ಸಂದಿಯಲ್ಲಿ ಅದು ತೂರುತ್ತದಂತೆ. ಸಂದಿ ಇಲ್ಲದ ಕಡೆ, ಎಳೆಗಳನ್ನು ಒಂದಕ್ಕೊಂದು ಹಿಡಿದಿಟ್ಟ ಅಂಟನ್ನೇ ಕರಗಿಸಿ ದಾರಿ ಮಾಡಿಕೊಳ್ಳುತ್ತದಂತೆ. ಸಣ್ಣ ಸಣ್ಣ ನಾಳಗಳಿಗೆ ಇಳಿದು ಹೊಟ್ಟೆಯೊಳಗಿನ ಗ್ರಂಥಿಗಳಲ್ಲಿ ಹೋಗಿ ಕೂಡುತ್ತದೆ. ಹೊರಗಿನ ಸಿಪ್ಪೆಯನ್ನೂ ಒಡೆದುಕೊಂಡು ಬಂದರೆ ಮುಂದೆ ಇರುವುದು ಮೂತ್ರಕೋಶ, ಹಿಂದೆ ಇರುವುದು ಕರುಳು. ಎರಡಕ್ಕೂ ಅಂಟಿಕೊಳ್ಳುತ್ತದೆ. ಇದಕ್ಕೆ ಅಂಚು ಎಂಬುದಿಲ್ಲ, ಎಲ್ಲಿಗೆ ಮುಗಿಯಿತು ಎಂದು ಕೈಗೆ ಹತ್ತುವುದಿಲ್ಲ ಎಂದರು ಡಾಕ್ಟರು. ಹೊರಗೆ ಬೆಂಚಿನ ಮೇಲೆ ಅತ್ತೆ ಕೂತು ಯಾರದೋ ಮಗುವನ್ನು ಆಡಿಸುತ್ತಿದ್ದಳು, ಅದರ ನಗು ನಮಗೆ ಕೇಳಿಸುತ್ತಿತ್ತು.

ನಮ್ಮ ಮನೆಯವರು ಬಹಳ ಹೊತ್ತು ಚಿತ್ರ ನೋಡಿದರು. ಆಮೇಲೆ, “ಜೌಗ ಹಿಡದಂಗ ಅನ್ರಿ. ಕಾಲವಿ ಒಡದಿರಂಗಿಲ್ಲ, ಮ್ಯಾಲ ಸಿಮೆಂಟ ಸಾಫ್ ಕಾಣತಿರತಾದ. ಬುಡಕ ನೀರ ಹೊಕ್ಕು ಬಾಜೂ ಹೊಲ ಕೆಟ್ಟ ಹೋಗಿರತಾದ,” ಅಂದರು.

“ಹೌದು, ಹಾಗೇ ಅಂದ್ಕೊಳ್ಳಿ,” ಅಂದರು ಡಾಕ್ಟರು.

ಅಂಥ ಹೊಲಗಳನ್ನು ನಮ್ಮವರು ಬೇಕಾದಷ್ಟು ನೋಡಿದ್ದರು. ಮತ್ತೆ ಅಲ್ಲಿ ಜೋಳ ಬೆಳೆದದ್ದನ್ನು ನೋಡಿರಲಿಲ್ಲ. ಹೊರಗೆ ಬಂದವರೇ ಮೆಟ್ಟಿಲ ಮೇಲೆ ಕೂತು ತಲೆಯ ಮೇಲೆ ಟವಲು ಹಾಕಿಕೊಂಡುಬಿಟ್ಟರು.

ಆದರೂ ಡಾಕ್ಟರು ಕೈ ಬಿಡಲಿಲ್ಲ. ತೆರೆದು ನೋಡೋಣ, ಬಂದರೆ ತೆಗೆಯೋಣ ಎಂದು ಆಪರೇಷನ್ನಿಗೆ ದಿನ ಗೊತ್ತು ಮಾಡಿದರು. ಮೂರು ನಾಲ್ಕು ತಾಸು ಆಗುತ್ತದೆ ಅಂದಿದ್ದರು. ಒಂದು ತಾಸಿನೊಳಗೇ ನಮ್ಮನ್ನು ಕರೆದರು.

“ತೆಗೆಯೋಕೆ ಆಗಲಿಲ್ಲಮ್ಮ. ಮೂತ್ರಕೋಶಕ್ಕೂ ಕರುಳಿಗೂ ಅಂಟಿಬಿಟ್ಟಿದೆ. ಎಳೆದರೆ ಅವೂ ಹರಿದು ಬರ್ತವೆ. ಹಾಗೇ ಮುಚ್ಚಿ ಹೊಲಿದಿದ್ದೀವಿ. ಗಾಯ ಮಾಯ್ದ ಕೂಡಲೇ ಕರೆಂಟ್ ಕೊಡಬೇಕು. ಐದು ವಾರ ಇಲ್ಲೇ ಇರಬೇಕಾಗ್ತದೆ. ತಡ ಮಾಡಬೇಡಿ, ಈಗ ಉಳಿದಿರೋ ದಾರಿ ಅದೊಂದೇ. ಅವರಿಗೂ ತಿಳಿಸಿ ಹೇಳಿ.” ಗಡ್ಡೆ ಸುಡುವ ಕಿರಣಗಳ ಚಿಕಿತ್ಸೆಗೆ ನಮ್ಮ ಕಡೆ ಎಲ್ಲರೂ ಅನ್ನುವುದು ಕರೆಂಟು ಎಂದೇ. ಅದಕ್ಕೆ ಡಾಕ್ಟರೂ ನಮ್ಮ ಮಾತಿನಲ್ಲೇ ಹೇಳಿದರು.

ವರಾಂಡದ ಮೂಲೆಗೆ ಕರೆದುಕೊಂಡು ಹೋಗಿ ನಮ್ಮವರು ನನ್ನ ಕೈ ಹಿಡಿದರು. “ಅವ್ವಗ ಹೇಳಬ್ಯಾಡ. ಎದಿ ಒಡ್ಕೊಂಡ ಸಾಯತಾಳ. ಚೀಲ ತೆಗೆದಾರ ಅಂತ ಹೇಳು.”

“ನಾ ಯಾಕ ಹೇಳ್ಲಿ? ನಿಮ್ಮವ್ವ, ನೀವ ಹೇಳ್ರಿ.”

“ನಾ ಹೇಳಿದ್ರ ನಂಬಂಗಿಲ್ಲ. ನೀ ಹೇಳಿದ್ರ ನಂಬತಾಳ.”

ಅದು ನಿಜ. ದಿನ ಬೆಳಗಾದರೆ ನನ್ನನ್ನು ಬೈಯುತ್ತಿದ್ದವಳು, ಮನೆಗೆ ಯಾವ ಕಾಗದ ಬಂದರೂ ಮಗನ ಕೈಗೆ ಕೊಡದೆ ನನ್ನ ಕೈಗೇ ಕೊಟ್ಟು ಓದಿಸುತ್ತಿದ್ದಳು. ಓದಿ ಹೇಳಿದ್ದನ್ನು ಎರಡನೆಯ ಸಲ ಕೇಳುತ್ತಿರಲಿಲ್ಲ.

ಆಕೆಗೆ ಎಚ್ಚರವಾದಾಗ ತುಟಿ ಒಣಗಿ ಬಿರುಕು ಬಿಟ್ಟಿದ್ದವು. ಒದ್ದೆ ಬಟ್ಟೆಯಿಂದ ಒರೆಸಿದೆ. “ತೆಗೆದ್ರೇನ?” ಅಂದಳು.

“ತೆಗೆದಾರ್ರಿ ಅತ್ತಿ. ಎಲ್ಲಾ ಸಾಫ್ ಆಗ್ಯಾದ.”

“ಹೋತ ಬಿಡು, ಪೀಡಾ,” ಎಂದು ಕಣ್ಣು ಮುಚ್ಚಿದಳು. ಅಷ್ಟು ನೆಮ್ಮದಿಯ ಮುಖ ಆಕೆಯದು ನಾನು ಕಂಡೇ ಇರಲಿಲ್ಲ. ಒಳ್ಳೆಯದನ್ನೇ ಮಾಡಿದೆ ಅಂದುಕೊಂಡೆ.

ಊರಿಗೆ ಬಂದೆವು. ರಕ್ತ ನಿಲ್ಲುವ ಗುಳಿಗೆ ಕೊಟ್ಟಿದ್ದರು, ಅದು ನಿಂತೂ ಇತ್ತು. ಗುಂಪಿನ ಹೆಂಗಸರು ಮಾತಾಡಿಸಲು ಬಂದರು. ಅತ್ತೆ ಸೆರಗು ಸರಿಸಿ ಹೊಲಿಗೆ ತೋರಿಸಿದಳು. ಅವರೂ ತಮ್ಮ ತಮ್ಮ ಹೊಟ್ಟೆ ತೋರಿಸಿದರು. ಎಲ್ಲರದೂ ಹೊಕ್ಕುಳ ಕೆಳಗೆ ಅದೇ ಉದ್ದ ಗೆರೆ, ಅಕ್ಕಪಕ್ಕ ಅದೇ ಹೊಲಿಗೆಯ ಚುಕ್ಕೆ. “ಮೊದಲ ಸಸಿ ಹೋತಲ್ಲ ಯಕ್ಕಾ, ಈಗ ನೀನೂ ನಮ್ಮ ಜೋಡಿಗಿ ಬಂದಿ,” ಎಂದು ಒಬ್ಬಳು ಚೇಷ್ಟೆ ಮಾಡಿದಳು. “ಸಸಿ ಹೋದ್ರ ಹೋಗ್ಲಿ, ಜೀವ ಉಳೀತಲ್ಲ ಬಿಡು,” ಎಂದು ಅತ್ತೆಯೂ ನಕ್ಕಳು. ಒಳಗೆ ಚಹಾ ಸೋಸುತ್ತಿದ್ದ ನಾನು ಅರ್ಧ ಚಹಾ ಒಲೆಗೆ ಸುರಿದುಬಿಟ್ಟೆ.

ಗಾಯ ಮಾಯಿತು. ಕರೆಂಟಿಗೆ ಹೋಗೋಣ ನಡೆಯಿರಿ ಅಂದೆ.

“ಚೀಲ ತೆಗೆದ ಮ್ಯಾಲ ಕರೆಂಟ ಯಾತಕ್ಕ?” ಅಂದಳು. “ಆ ಮನಿ ಸೊಸಿಗಿ ಕೊಟ್ಟಾರೇನು? ಈ ಮನಿ ಮಗಳಿಗಿ ಕೊಟ್ಟಾರೇನು? ಎಲ್ಲಾರೂ ತೆಗಿಸ್ಕೊಂಡು ಮೂರ ತಿಂಗಳಿಗಿ ನೆಲ್ಲ ಹಚ್ಚಾಕ ಹೋಗ್ಯಾರ. ನನಗೊಬ್ಬಾಕಿಗೇ ಏನ ಹೆಚ್ಚಿಂದು?”

“ಒಂಚೂರು ಬೇರ ಉಳದಿರತಾವಂತ್ರಿ. ಅದಕ್ಕ.”

“ನೀನ ಅಂದೆಲ್ಲ ಎಲ್ಲಾ ಸಾಫ್ ಆಗ್ಯಾದಂತ.”

ಅವತ್ತು ಹೇಳಿದ ಒಂದು ಸುಳ್ಳು ಆಮೇಲೆ ಹೇಳಬಹುದಾಗಿದ್ದ ಎಲ್ಲ ಅರ್ಧ ನಿಜಗಳಿಗೂ ಅಡ್ಡ ನಿಂತಿತು. ದಿನಾ ಕೇಳಿಕೊಂಡೆ. ಕೈ ಮುಗಿದೆ. ಉಣ್ಣದೆ ಕೂತೆ. ಜಗಳ ಆಡಿದೆ. “ನಿನ್ನ ಗುಲಬರ್ಗಾದ ಡಾಕ್ಟರಗ ಖಾಲಿ ಕೂಡಾಕ ಆಗಂಗಿಲ್ಲ ಕಾಣತಾದ,” ಎಂದು ಆಕೆ ನಗುವಳು. ನಮ್ಮವರನ್ನು ಹಿಡಿದುಕೊಂಡೆ: “ಹೇಳಿಬಿಡೂಣ್ರಿ, ಹಿಂಗ ಕುಂತ್ರ ಕೈಯಾರೆ ಕೊಂದಂಗ ಆಗತಾದ.” ಅವರು, “ಇನ್ನೊಂದ ನಾಕ ದಿನ ತಡಿ, ನಾ ಒಪ್ಪಸ್ತೀನಿ,” ಅನ್ನುವರು. ಒಪ್ಪಿಸಲು ಅವರ ಬಳಿ ಏನಿತ್ತು? ನಾಲ್ಕು ದಿನ ಎಂಟಾಯಿತು, ಎಂಟು ದಿನ ತಿಂಗಳಾಯಿತು. ಚೀಟಿಯಲ್ಲಿ ಬರೆದಿದ್ದ ತಾರೀಖು ದಾಟಿ ಹೋಯಿತು. ಆ ಚೀಟಿ ನನ್ನ ಟ್ರಂಕಿನಲ್ಲಿತ್ತು. ದಿನಕ್ಕೊಮ್ಮೆ ತೆಗೆದು ನೋಡಿ ಮತ್ತೆ ಒಳಗಿಡುತ್ತಿದ್ದೆ.

ಗಂಡ ಬೇಡ ಅಂದದ್ದಕ್ಕೆ ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ಸತ್ಯವಲ್ಲ. ಗಂಡ ಬೇಡ ಅಂದ ಎಷ್ಟು ಕೆಲಸ ನಾನು ಮಾಡಿಲ್ಲ! ನಾನು ಹೆದರಿದ್ದೆ. ಆಕೆಯ ಎದೆ ಒಡೆಯುತ್ತದೆ ಎಂದಲ್ಲ. ಮುಖ ನೋಡಿ ಸುಳ್ಳು ಹೇಳಿದವಳು ನಾನು ಎಂಬುದು ಆಕೆಗೆ ಗೊತ್ತಾಗುತ್ತದಲ್ಲ ಎಂದು.

ಆಮೇಲೆ ಆಕೆಯ ಎಡಗಾಲು ಬಾತಿತು. ಉಚ್ಚೆಗೆ ಹೋದರೆ ಗೋಡೆ ಹಿಡಿದು ಹಲ್ಲು ಕಚ್ಚುತ್ತಿದ್ದಳು. ಎರಡು ತುತ್ತು ಉಂಡರೆ ವಾಂತಿ. ಒಂದು ಮುಂಜಾನೆ ಎರೆಯಲು ಬಚ್ಚಲಿಗೆ ಕರೆದುಕೊಂಡು ಹೋದಾಗ ಸೀರೆಯ ಒಳಗೆ ಕಟ್ಟಿಕೊಂಡಿದ್ದ ಬಟ್ಟೆ ಕಣ್ಣಿಗೆ ಬಿತ್ತು. ತೊಯ್ದು ಹೋಗಿತ್ತು.

“ಯಾವಾಗಿಂದ್ರಿ?”

“ತಿಂಗಳಾತು.”

“ಯಾಕ ಹೇಳಲಿಲ್ರಿ ಅತ್ತಿ? ಮತ್ತ ಯಾಕ ಮುಚ್ಚಿಟ್ರಿ?”

“ಮುಚ್ಚಿಟ್ಟಿಲ್ಲ. ಚೀಲ ಇಲ್ಲಂದ ಮ್ಯಾಲ ಇದು ಬ್ಯಾರೇನೋ ಇರಬೇಕು, ಹೊಲಿಗಿ ಮಾಯೂ ಮುಂದ ಹಿಂಗ ಆಗತಿರಬೇಕು ಅನ್ಕೊಂಡೆ. ನೀ ತೆಗೆದಾರ ಅಂದಿದ್ದೆಲ್ಲ. ನನಗ ಬೈತಿ, ಜಗಳ ಆಡತಿ, ಎಲ್ಲಾ ಖರೆ. ಆದ್ರ ನೀ ಸುಳ್ಳ ಹೇಳಾಕಿ ಅಲ್ಲ.”

ತಂಬಿಗೆ ಕೆಳಗಿಟ್ಟೆ. ಬಚ್ಚಲ ಕಲ್ಲಿನ ಮೇಲೆ ಕೂತೆ. ತೆಗೆದಿಲ್ಲ ಅತ್ತಿ ಅಂದೆ. ಹೊಟ್ಟೆ ತೆರೆದು ಹಾಗೇ ಹೊಲಿದರು, ಎಲ್ಲ ಕಡೆ ಅಂಟಿಕೊಂಡಿದೆಯಂತೆ, ಉಳಿದದ್ದು ಕರೆಂಟು ಒಂದೇ ಅಂದಿದ್ದರು, ನಾನೇ ಸುಳ್ಳು ಹೇಳಿದೆ ಎಂದೆ. ಹೇಳುತ್ತ ಹೇಳುತ್ತ ಆಕೆಯ ಒದ್ದೆ ಕಾಲು ಹಿಡಿದುಕೊಂಡಿದ್ದೆ. ಬೈಯಲಿ, ಒದೆಯಲಿ, ಓಣಿಯವರನ್ನೆಲ್ಲ ಕರೆದು ಹೇಳಲಿ ಎಂದು ಕಾದೆ.

ಆಕೆ ನನ್ನ ಕೈಯಿಂದ ಕಾಲು ಬಿಡಿಸಿಕೊಂಡಳು. ಆಮೇಲೆ, “ಅದಕ ಕರೆಂಟ ಕರೆಂಟ ಅಂತ ಬಡಕೊಳ್ಳಾಕತ್ತಿದ್ದೇನ?” ಅಂದಳು.

“ಹೌದ್ರಿ.”

“ಖರೇ ಹೇಳಬಾರದೇನ, ಹುಚ್ಚಿ? ಗೊತ್ತಾಗಿದ್ರ ಅವತ್ತ ಬರತಿದ್ನೆಲ್ಲ.” ತಂಬಿಗೆಯನ್ನು ತಾನೇ ಎತ್ತಿಕೊಂಡಳು. “ಏಳು. ಜಲ್ದಿ ಎರಕೊಂಡ ಹೊಂಡೂಣ.”

ಮೂವರೂ ಯಾದಗಿರಿ ಸ್ಟೇಷನ್ನಿನಿಂದ ರೈಲು ಹತ್ತಿ ಅದೇ ದಿನ ಗುಲಬರ್ಗಾ ಮುಟ್ಟಿದೆವು. ದಾರಿಯುದ್ದಕ್ಕೂ, ಐದು ವಾರ ಇರಬೇಕಾದರೆ ರೊಟ್ಟಿ ಎಲ್ಲಿ ಬಡಿಯುವುದು, ನನ್ನ ಅಂಗನವಾಡಿಯನ್ನು ಯಾರು ನೋಡುತ್ತಾರೆ ಎಂದು ಆಕೆಯೇ ಲೆಕ್ಕ ಹಾಕುತ್ತಿದ್ದಳು. ಬದುಕಬೇಕೆಂಬ ಆಸೆ ಆಕೆಗೆ ಅಷ್ಟಿತ್ತು. ಕೇಳಿದ್ದರೆ ಮೊದಲ ದಿನವೇ ಎದ್ದು ಬರುವಷ್ಟಿತ್ತು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಅದೇ ಡಾಕ್ಟರು ನೋಡಿದರು, ಮತ್ತೆ ಸ್ಕ್ಯಾನ್ ಮಾಡಿಸಿದರು. ಗಡ್ಡೆ ಮೂತ್ರಕೋಶದ ಗೋಡೆ ತಿಂದು ಒಳಗೆ ಬಂದಿತ್ತು. ಮೂತ್ರ ಇಳಿಯುವ ಎರಡೂ ನಾಳಗಳನ್ನು ಒತ್ತಿದ್ದರಿಂದ ಕಿಡ್ನಿಗಳು ಸೋತಿದ್ದವು. ಈಗ ಕರೆಂಟು ಕೊಟ್ಟರೆ ತಡೆದುಕೊಳ್ಳುವುದಿಲ್ಲ, ನೋವಿಗೆ ಮಾತ್ರ ಔಷಧಿ ಕೊಡಬಹುದು ಎಂದರು. ಆಮೇಲೆ ಅವರಿಗೂ ಸಿಟ್ಟು ಬಂತು. ಕಾಗದಗಳನ್ನು ಮೇಜಿನ ಮೇಲೆ ಹಾಕಿ, ನಮ್ಮಿಬ್ಬರ ಮುಖ ನೋಡಿ ಕೇಳಿದರು:

“ಇಷ್ಟು ದಿನ ಎಲ್ಲಿ ಹೋಗಿದ್ರಿ? ಹೇಳಿದ ದಿನ ಬಂದಿದ್ರೆ ಏನಾದರೂ ಮಾಡಬಹುದಿತ್ತು. ಯಾರು ತಡ ಮಾಡಿದ್ದು?”

ನಮ್ಮವರು ತಲೆ ತಗ್ಗಿಸಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಲ್ಲೇ ಪರೀಕ್ಷೆಯ ಮಂಚದ ಮೇಲೆ ಮಲಗಿದ್ದ ಅತ್ತೆ ಮೊಣಕೈ ಊರಿ ಎದ್ದಳು.

“ನಾನ್ರಿ ಸಾಹೇಬ್ರ. ಈ ಹುಡಿಗಿ ಎಲ್ಲಾ ಖರೇನ ಹೇಳಿದ್ಲು. ದಿನಾ ಕೈ ಮುಗದು ನಡೀರಿ ಅಂದ್ಲು. ನಾನ ಬರಂಗಿಲ್ಲಂತ ಹಟ ಹಿಡದೆ. ಹಳ್ಳಿ ಮಂದಿರಿ, ನಮಗ ತಿಳಿಯಂಗಿಲ್ಲ.”

ಡಾಕ್ಟರ ಮುಖ ಮೆತ್ತಗಾಯಿತು. ನನ್ನ ಕಡೆ ತಿರುಗಿ, “ನೀವಾದ್ರೂ ಎಷ್ಟು ಅಂತ ಹೇಳ್ತೀರಮ್ಮ, ನಿಮ್ಮ ತಪ್ಪಿಲ್ಲ,” ಎಂದರು.

ನಾನು ಅಲ್ಲೇ ನಿಂತಿದ್ದೆ. ಹಾಗಲ್ಲ ಅನ್ನಲಿಲ್ಲ.